ಬಿಳಿ ಧೋತರದ ಅಂಚು

ಗೋಧಿ ಹೊಲ ದಾಟಿ ಬಂದವನ ಮುಖಕ್ಕಿಂತ ಮೊದಲು ನಮ್ಮೂರಿನವರು ಅವನ ಬಿಳಿ ಧೋತರದ ಅಂಚು ನೋಡುತ್ತಿದ್ದರು. ಅಂಚು ಬೆಳ್ಳಗಿದ್ದರೆ ಬೆಳೆ ಕೈಗೆ ಬಂದಂತೆಯೇ. ಅರಿಶಿನ ಉಜ್ಜಿದ ಹಾಗೆ ಹಳದಿಯಾಗಿದ್ದರೆ ಗೋಧಿಗೆ ಭಂಡಾರ ರೋಗ ಬಿದ್ದಂತೆ. ಎಲೆಯ ಮೇಲೆ ಏಳುವ ಆ ಪುಡಿ ಸೋಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತಿತ್ತು.

ಅದಕ್ಕೆ ಮೊದಲ ಸಲ ಔಷಧ ತಂದು ಮಾರಿದವನು ಪೇಟೆಯ ಮೂಲೆಯಂಗಡಿಯ ನೀಲಕಂಠಪ್ಪ. ಆ ವರ್ಷ ತಂದದ್ದು ಸ್ವಲ್ಪ, ಕೇಳಿದವರು ಬಹಳ. ತನ್ನ ಹೊಲವೊಂದೇ ಉಳಿದು ನೆರೆಯವರದು ಹಾಳಾಗುವುದನ್ನು ನನ್ನ ಅಕ್ಕ ಬಾಳಕ್ಕನಿಂದ ನೋಡಲಾಗಲಿಲ್ಲ. ತನ್ನ ಪಾಲಿನ ಔಷಧಕ್ಕೆ ಇನ್ನಷ್ಟು ನೀರು ಬೆರೆಸಿ ಓಣಿಗೆಲ್ಲ ಹಂಚಿದಳು. ಎಲ್ಲರ ಗೋಧಿಯೂ ಉಳಿಯಿತು. ಓಣಿಯವರು ಅವಳನ್ನು ತಾಯಿ ಎಂದು ಕರೆಯತೊಡಗಿದರು. ಆಮೇಲೆ ಅದೇ ಪದ್ಧತಿಯಾಯಿತು: ಓಣಿಗೊಂದು ಡಬ್ಬಿ, ಹಂಡೆ ತುಂಬ ನೀರು, ಬೆರೆಸುವುದಕ್ಕೆ ಬಾಳಕ್ಕನ ಕೈ.

"ಬಾಳಕ್ಕಾ, ಇದು ಮಜ್ಜಿಗಿ ಅಲ್ಲ, ಮಂದಿ ಬಂದಂಗ ನೀರು ಸುರಿಯಾಕ," ಎಂದು ನೀಲಕಂಠಪ್ಪ ಪ್ರತಿ ಹಂಗಾಮಿಗೂ ಗೊಣಗುತ್ತಿದ್ದ.

"ಗೊತ್ತೈತಿ ಬಿಡೋ. ಮನಿಗೊಂದು ಡಬ್ಬಿ ಹೋಗಲಿ ಅಂತ ನಿನ್ನ ಆಸೆ!"

ಓಣಿಯೆಲ್ಲ ನಗುತ್ತಿತ್ತು. ಅವನೂ ನಕ್ಕುಬಿಡುತ್ತಿದ್ದ.

ಎಷ್ಟೋ ಬೆಳೆಗಳಾದ ಮೇಲೆ ಒಂದು ಹಂಗಾಮಿನಲ್ಲಿ, ಔಷಧ ಹೊಡೆದ ಹೊಲಗಳಿಂದಲೇ ಎಲ್ಲರ ಧೋತರವೂ ಹಳದಿಯಾಗಿ ಬಂತು. "ನಕಲಿ ಮಾಲು ಕೊಟ್ಟಾನ," ಎಂದು ಯಾರೋ ಅಂದರು. ಸಂಜೆಯೊಳಗೆ ಅದು ಎಲ್ಲರ ಮಾತಾಯಿತು. ಬಾಳಕ್ಕನೂ ಅಂದಳು.

ನೀಲಕಂಠಪ್ಪ ಕಟ್ಟೆಗೆ ಬಂದು ನಿಂತ. "ನನ್ನ ಹೊಲಾ ತಡಾ ಬಿತ್ತಿದ್ದು, ಇನ್ನೂ ಎಳೇದೈತಿ. ನಿಮ್ಮೆದುರಿಗೇ ಅದೇ ಔಷಧ ಹೊಡೀತೀನಿ. ಒಂದು ಹನಿ ನೀರು ಹೆಚ್ಚಿಗಿ ಹಾಕೂದಿಲ್ಲ. ತೆನಿ ಬಂದ ಮ್ಯಾಲೆ ಬಿಳೇ ಧೋತರಾ ಉಟ್ಟು ನಡೀತೀನಿ. ಅಂಚು ಹಳದಿ ಆತಂದ್ರ ಅಂಗಡಿ ಮುಚ್ಚತೀನಿ."

ತೆನೆ ಮೂಡಿದಾಗ ಊರೇ ಬದುವಿನ ಮೇಲೆ ನೆರೆದಿತ್ತು. ಹೆಂಡತಿ ಗಂಗವ್ವ ನೀಲಿ ಹಾಕಿ ಒಗೆದುಕೊಟ್ಟ ಧೋತರ ಉಟ್ಟು ಅವನು ಹೊಲಕ್ಕಿಳಿದ. ಆಚೆ ತುದಿ ಮುಟ್ಟಿ ಹೊರಳಿ ಬರುವಾಗಲೇ ಗಂಗವ್ವ ಮುಖ ತಿರುಗಿಸಿಕೊಂಡಳು. ಅವನು ಮಾತ್ರ ಕೆಳಗೆ ನೋಡದೆ ನಗುತ್ತಲೇ ಬಂದ. ಯಾರೂ ನಗದಿದ್ದುದನ್ನು ಕಂಡು ಆಮೇಲೆ ಬಗ್ಗಿ ಅಂಚು ನೋಡಿದ.

"ನಾ ಪೂರಾ ಹಾಕೀನ್ರೆಪ್ಪಾ... ನೀವೇ ನೋಡೀರಲ್ಲಾ..."

"ನೋಡಿದ್ವಿ, ನೋಡಿದ್ವಿ. ಬಣ್ಣಾ ಛಂದ ಹತ್ತೈತಿ," ಎಂದಿತು ಗುಂಪಿನೊಳಗಿನ ಒಂದು ದನಿ.

ಅಂಗಡಿ ಮುಚ್ಚಿತು. ಗಂಡಹೆಂಡಿರು ಊರು ಬಿಟ್ಟರು.

ಮರುವರ್ಷ ಬೆಳೆರೋಗ ಓದಿದ ಹೆಣ್ಣುಮಗಳೊಬ್ಬಳು ಬಂದಳು. ರೋಗ ಬಿದ್ದಾಗಲೇ ನಮ್ಮೂರಿಂದ ತರಿಸಿಕೊಂಡಿದ್ದ ಎಲೆಗಳನ್ನೂ ಉಳಿದ ಔಷಧವನ್ನೂ ಪರೀಕ್ಷಿಸಿದ್ದಳು. ನಮ್ಮ ಪಡಸಾಲೆಯಲ್ಲಿ ಕೂತು ಬಾಳಕ್ಕನಿಗೆ ಮೆಲ್ಲಗೆ ಹೇಳಿದಳು: "ಔಷಧ ಅಸಲೀನೇ ಇತ್ತಮ್ಮ. ವರ್ಷ ವರ್ಷ ತೆಳ್ಳಗೆ ಹೊಡೆದಿರಿ. ಸಾಯದೆ ಉಳಿದ ಗಟ್ಟಿ ರೋಗಾನೇ ಬೆಳೀತಾ ಬಂತು. ಈಗ ಪೂರ್ತಿ ಹಾಕಿದರೂ ಅದು ಜಗ್ಗೋದಿಲ್ಲ. ಬೇರೆ ಔಷಧವೇ ಬೇಕು."

ನಾನೂ ಅಕ್ಕನೂ ಅವನನ್ನು ಹುಡುಕಿಕೊಂಡು ಹೋದೆವು. ದೂರದ ಪೇಟೆಯ ಖಾನಾವಳಿಯೊಂದರಲ್ಲಿ ಚೌಕಳಿ ಲುಂಗಿ ಉಟ್ಟು ಬಡಿಸುತ್ತಿದ್ದ. ನಮ್ಮನ್ನು ಕೂರಿಸಿ ಮಜ್ಜಿಗೆ ತಂದಿಟ್ಟ.

"ನಿನ್ನ ಔಷಧ ಖರೇ ಇತ್ತಂತೋ ನೀಲಕಂಠಾ. ರೋಗಾನೇ ಗಟ್ಟಿ ಆಗೈತಂತ."

ಅವನ ಮುಖ ಅರಳಿತು. "ಹೌದಾ! ಊರಾಗ ಹೇಳಿದೀ?"

ಬಾಳಕ್ಕ ಲೋಟದೊಳಗೆ ನೋಡುತ್ತ ಕೂತಳು. "ಹೇಳತೀನಿ," ಎಂದಳು.

ಅವನು ಲೋಟವನ್ನು ಅವಳತ್ತ ಇನ್ನಷ್ಟು ಸರಿಸಿದ. "ಕುಡಿಯವ್ವಾ," ಎಂದ. "ಇದಕ್ಕ ನೀರು ಹಾಕಿಲ್ಲ."

ಮರಳಿ ಬರುವಾಗ ಕಾಲುದಾರಿಯ ಎರಡೂ ಬದಿಗೆ ಗೋಧಿ ನಿಂತಿತ್ತು. "ಯಾವಾಗ ಹೇಳತೀ ಅಕ್ಕಾ?" ಎಂದೆ. ಅವಳ ಸೀರೆಯಂಚು ಹಳದಿಯಾಗಿತ್ತು. ಬಗ್ಗಿ ಜಾಡಿಸಿದಳು. ಕೈಗೆ ಹತ್ತಿತು. ಆ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿದಳು, ಅದಕ್ಕೂ ಹತ್ತಿತು.

"ಬಾ ತಾಯೀ, ಎಲ್ಲಿಗೆ ಹೋಗಿದ್ದಿ?" ಎಂದು ಕಟ್ಟೆಯ ಮೇಲಿನವರು ಎದ್ದು ನಿಂತು ಕರೆದರು. ಬಾಳಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.