ಕಂಬವಿಲ್ಲದ ಮೆಟ್ಟಿಲು

"ಅಯ್ಯೋ, ಗೋಡೆ ಕಡೆ ಮರ ಹೊಡೀಬೇಡ! ತುದೀದು ಮೊದಲು," ಎಂದು ಕಂಬಿ ಮೇಸ್ತ್ರಿಯ ಹೆಂಡತಿ ಕೂಗಿದಳು.

ಕಾಂಕ್ರೀಟಿಗೆ ಆಸರೆಯ ಮರ, ಹಲಗೆ ಕೊಡುವ ಸೆಂಟ್ರಿಂಗ್ ಬಡಗಿ ಎತ್ತಿದ ಸುತ್ತಿಗೆ ಇಳಿಸಿದ. "ಗೋಡೆ ಹತ್ರ ಇದ್ರೆ ಧೈರ್ಯ ಕಣಕ್ಕಾ."

"ತುದೀಲಿ ಮಾತ್ರ ಆಸರೆ ಉಳಿದ್ರೆ ನಡುವೆ ಬಿರಿಯುತ್ತೆ. ನಿನ್ನ ಧೈರ್ಯಕ್ಕೆ ಮೆಟ್ಟಿಲು ಬಲಿ ಕೊಡ್ತೀಯಾ?"

ಆ ಊರಿಗೆ ಅದೇ ಮೊದಲ ಗಾಜಿನ ಕಟ್ಟಡ, ಹತ್ತು ಅಂತಸ್ತಿನ ಕಂಪನಿ ಕಚೇರಿ. ಮುಂದಿನ ಪಡಸಾಲೆಯಲ್ಲಿ ಹತ್ತೊಂಬತ್ತು ಮೆಟ್ಟಿಲುಗಳು ಗೋಡೆಯೊಂದನ್ನೇ ಹಿಡಿದು, ಕೆಳಗೆಲ್ಲೂ ಊರದೆ ಮೇಲೇರಬೇಕೆಂದು ನಕ್ಷೆಯಲ್ಲಿತ್ತು. ಕಾಂಕ್ರೀಟು ಹಾಕಿ ತಿಂಗಳಾಗಿ, ಇವತ್ತು ಆಸರೆಯ ಮರಗಳನ್ನು ತೆಗೆಯುವ ದಿನ. ಒಳಗಿನ ಕಂಬಿ ಕಟ್ಟಿದ ಮೇಸ್ತ್ರಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಅವನು ಕಟ್ಟಿದ್ದು ಸಡಿಲವೆಂದು ಯಾರೋ ಗಾಳಿಮಾತು ಹಬ್ಬಿಸಿದ್ದರು. ಅದನ್ನು ಕೇಳಿ ಎಂಜಿನಿಯರು ಮೆಟ್ಟಿಲ ಕೆಳಗೆ ಒಂದು ಕಂಬ ನಿಲ್ಲಿಸಲು ಮನಸ್ಸು ಮಾಡಿದ್ದರು. ಕಂಬ ಎದ್ದರೆ ಮೇಸ್ತ್ರಿಯನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

"ಸ್ವಾಮಿ, ಮೇಲುಗಡೆ ಕಂಬಿನೇ ಇದರ ಜೀವ," ಎಂದಳು ಪಕ್ಕದಲ್ಲಿ ನಿಂತಿದ್ದ ಎಂಜಿನಿಯರಿಗೆ. "ಕಾಂಕ್ರೀಟ್ ಹಾಕೋವಾಗ ಯಾರೂ ಅದನ್ನ ತುಳಿದು ತಗ್ಗಿಸದೆ ಇರ್ಲಿ ಅಂತ ಹಲಗೆ ಹಾಸಿ ಕಾದಿದ್ದು ನಾನು."

"ಹೌದು ಸಾರ್," ಎಂದ ಬಡಗಿ. "ಒಂದ್ಸಲ ಕಾಲಿಡೋಕೆ ಹೋಗಿದ್ದಕ್ಕೆ ನನ್ನ ಏಳು ತಲೆಮಾರಿನ ಜನ್ಮ ಜಾಲಾಡಿದ್ಲು." ಆದರೂ ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. "ನಾನು ಮಕ್ಕಳೊಂದಿಗ ಕಣಕ್ಕಾ."

"ನಾನೇನು ಬಂಜೆನಾ?"

ಸುತ್ತಿಗೆ ಅವಳ ಕೈ ಸೇರಿತು.

"ಏನಮ್ಮಾ ಇದು? ಆಚೆ ಬಾ!" ಎಂದರು ಎಂಜಿನಿಯರು.

"ಕಂಬ ಕಟ್ಟೋಕಾದ್ರೂ ಈ ಮರ ಯಾರೋ ತೆಗೀಲೇಬೇಕಲ್ಲ ಸ್ವಾಮಿ."

ಎಂಜಿನಿಯರು ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಕಣ್ಣು ಮುಚ್ಚಿ ಒಂದು ಗಳಿಗೆ ಭಗವಂತನನ್ನು ನೆನೆದು, ಹೊರತುದಿಯ ಮೊದಲ ಮರದ ಬುಡಕ್ಕೆ ಹೊಡೆದಳು. ಮರ ಸರಿಯಿತು. ಎರಡನೆಯದು, ಮೂರನೆಯದು. ಹೊರಸಾಲು ಮುಗಿದು ಒಳಸಾಲಿಗೆ ಬಂದಾಗ ತಲೆಯ ಮೇಲೇನೋ ಚಟ್ಟೆಂದಿತು. ಬಡಗಿ ಬಾಗಿಲ ಕಡೆ ಹಾರಿದ. ಅವಳು ಕತ್ತೆತ್ತಿ ನೋಡಿದಳು: ಸೆಂಟ್ರಿಂಗಿನ ಹಲಗೆಯೊಂದು ಕಾಂಕ್ರೀಟನ್ನು ಬಿಟ್ಟು ಜೋಲುತ್ತಿತ್ತು, ಅಷ್ಟೆ. ಅದನ್ನು ಕೈಯಲ್ಲೇ ಎಳೆದು ಪಕ್ಕಕ್ಕೆಸೆದು ಮುಂದಕ್ಕೆ ಹೋದಳು.

ಕೊನೆಯ ಮರವೂ ಉರುಳಿತು. ಮೆಟ್ಟಿಲು ಅಲುಗಲಿಲ್ಲ.

"ಹತ್ತಿ ನೋಡಿ ಸ್ವಾಮಿ," ಎಂದಳು. "ನಾನಿಲ್ಲೇ ಕೆಳಗೆ ಇರ್ತೀನಿ."

ಎಂಜಿನಿಯರು ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು, ಆಮೇಲೆ ಇನ್ನೊಂದು. ಬೂಟಿನ ಸದ್ದು ಅವಳ ತಲೆಯ ಮೇಲೆ ನಿಧಾನವಾಗಿ ಏರಿತು. ಇಷ್ಟು ದಿನ ಮರಗಳ ಕಾಡಾಗಿದ್ದ ಜಾಗದಲ್ಲಿ ಗಾಜಿನಿಂದ ಬಂದ ಬಿಸಿಲು ಎಲ್ಲೂ ತಡೆಯದೆ ಹರಿದು, ಹಿಂದಿನ ಗೋಡೆಯನ್ನು ಮುಟ್ಟಿತು.