ಕೊಸರು ತಿಂದ ಪಾವು

ನಾನು ಒಂದು ಪಾವು. ನಾಲ್ಕು ಸಲ ನನ್ನನ್ನು ತುಂಬಿ ಸುರಿದರೆ ಒಂದು ಸೇರು ಆಗಬೇಕು. ಆಗಬೇಕು ಎಂದೆ, ಆಗುತ್ತದೆ ಎನ್ನಲಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾನು ಹುಟ್ಟಿದ್ದು ಅರಸೀಕೆರೆಯಲ್ಲಿ, ಗೌಸ್ ಸಾಬರ ತಗಡಿನ ಅಂಗಡಿಯಲ್ಲಿ. ಕಬ್ಬಿಣದ ತಗಡನ್ನು ಸುತ್ತಿ, ತಳ ಕೂರಿಸಿ, ಬಾಯಿಗೆ ಹಿತ್ತಾಳೆಯ ಪಟ್ಟಿ ಕಟ್ಟಿದರು. ಆಮೇಲೆ ನನಗೆ ರಾಗಿ ತುಂಬಿ, ತಮ್ಮ ಹಳೆಯ ಸೇರಿಗೆ ನಾಲ್ಕು ಸಲ ಸುರಿದು, ಅದರ ಬಾಯಿಯನ್ನು ಅಂಗೈಯಿಂದ ಸವರಿ ನೋಡಿದರು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. "ಸಾಚಾ ಮಾಲು" ಎಂದರು. ಆಗ ಬಂದ ಜಂಬ ನನಗೆ ಬಹಳ ದಿನ ಇಳಿಯಲಿಲ್ಲ.

ನನ್ನನ್ನು ಕೊಂಡವನು ದಿನಸಿ ಅಂಗಡಿಯ ಚಿಕ್ಕೀರಪ್ಪ. ನಗುಮುಖದ ಮನುಷ್ಯ. ಮೂರು ವರ್ಷ ನನ್ನಿಂದ ನ್ಯಾಯವಾಗಿಯೇ ಅಳೆದ. ಒಂದು ದಿನ ನನ್ನನ್ನು ಚೀಲದಲ್ಲಿ ಹಾಕಿಕೊಂಡು ದೂರದ ಊರಿನ ಬೇರೊಬ್ಬ ತಗಡಿನವನ ಹತ್ತಿರ ಹೋದ. ಆ ಊರಿನವನು ನನ್ನ ಒಳಗೆ, ತಳದಿಂದ ಒಂದು ಬೆರಳು ಮೇಲೆ, ಇನ್ನೊಂದು ತಗಡಿನ ಬಿಲ್ಲೆಯನ್ನು ಇಟ್ಟು ಬೆಸುಗೆ ಹಾಕಿದ. ಹೊರಗಿನಿಂದ ನೋಡಿದರೆ ನಾನು ಅದೇ ಪಾವು. ಹೊಟ್ಟೆಯಲ್ಲಿ ಮಾತ್ರ ಸುಳ್ಳು ಸೇರಿಕೊಂಡಿತ್ತು.

ಕೊಸರು ಎಂದರೆ ನಿಮಗೆ ಗೊತ್ತಿದೆಯಲ್ಲ, ಅಳತೆ ಮುಗಿದ ಮೇಲೆ ಮಾರುವವರು ಪ್ರೀತಿಗೆ ಹಾಕುವ ಒಂದು ಹಿಡಿ. ಗಿರಾಕಿಗಳು ಅದನ್ನು ಕೇಳಬಹುದು, ಜಗಳವಾಡಬಹುದು, ಹಕ್ಕೆಂದು ವಸೂಲು ಮಾಡುವಂತಿಲ್ಲ. ಸುಳ್ಳುತಳ ಹಾಕಿಸಿದ ಮೇಲೆ ಚಿಕ್ಕೀರಪ್ಪ ಕೊಸರಿನಲ್ಲಿ ಕರ್ಣನೇ ಆಗಿಬಿಟ್ಟ. "ಮಕ್ಕಳಿರೋ ಮನೆ ಕಣವ್ವ, ಇನ್ನೊಂದು ಹಿಡಿ ಹಾಕ್ತೀನಿ ತಗೋ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದ. ನನ್ನಲ್ಲಿ ಉಳಿಸಿಕೊಂಡದ್ದರಲ್ಲಿ ಅರ್ಧವನ್ನು ಹೀಗೆ ಕೊಟ್ಟು ಧಾರಾಳಿ ಎನಿಸಿಕೊಂಡ. ಅವನು ತೀರಿಕೊಂಡಾಗ ಅಂಗಡಿ ಮುಂದೆ ಕಣ್ಣೀರಿಟ್ಟವರು ಕಡಿಮೆಯಿರಲಿಲ್ಲ.

ಆ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದವಳು ಸಣ್ಣಹೊನ್ನಮ್ಮ. ಅಂಗಡಿ ಮುಚ್ಚುವಾಗ ಚಿಕ್ಕೀರಪ್ಪನ ಹೆಂಡತಿ ನನ್ನನ್ನು ಅವಳ ಕೈಗಿಟ್ಟು, "ನೆನಪಿಗೆ ಇಟ್ಕೊ ಹೊನ್ನಿ" ಎಂದಳು. ಪಾಪ, ಆಕೆಗೂ ನನ್ನ ಒಳಗುಟ್ಟು ಗೊತ್ತಿರಲಿಲ್ಲ. ಹೊನ್ನಮ್ಮ ನನ್ನನ್ನು ಹುಣಸೆಹಣ್ಣಿನಿಂದ ತಿಕ್ಕಿ, ಹಿತ್ತಾಳೆಯ ಬಾಯಿ ಹೊಳೆಯುವಂತೆ ಮಾಡಿ, ರೈಲ್ವೆ ಸ್ಟೇಷನ್ನಿನ ಹೊರಗೆ ಹೊಂಗೆಮರದ ಬುಡದಲ್ಲಿ ಹುರಿದ ಕಡಲೆಕಾಯಿ ಮಾರಲು ಕೂತಳು.

ಅವಳದೊಂದು ವಿಚಿತ್ರ ಪದ್ಧತಿ. ಊರಿನವರು ಕೊಸರು ಕೇಳಿದರೆ ಬೈಯುವಳು. ಗುರುತಿಲ್ಲದ ಪ್ರಯಾಣಿಕರಿಗೆ ಮಾತ್ರ ಕೇಳದೆಯೇ ಒಂದು ಹಿಡಿ ಹಾಕುವಳು. ಪಕ್ಕದಲ್ಲಿ ಮಂಡಕ್ಕಿ ಮಾರುತ್ತಿದ್ದ ಜಬೀನಾ ಒಂದು ದಿನ ಕೇಳಿಯೇಬಿಟ್ಟಳು: "ಹೊನ್ನಮ್ಮಕ್ಕ, ದಿನಾ ಬರೋರಿಗೆ ಇಲ್ಲ, ಇನ್ನೊಂದ್ ಸಲ ಮುಖ ತೋರ್ಸ್ದೇ ಇರೋರಿಗೆ ಕೊಸರು. ಇದ್ಯಾವ ವ್ಯಾಪಾರ?"

ಹೊನ್ನಮ್ಮ ಪೊಟ್ಟಣ ಕಟ್ಟುತ್ತಲೇ ಹೇಳಿದಳು. "ನಮ್ಮನೆಯವ್ರುನ್ನ ಹುಬ್ಬಳ್ಳಿ ಆಸ್ಪತ್ರೆಯಿಂದ ಕರ್ಕೊಂಡು ಬರ್ತಿದ್ದೆ. ರೈಲಲ್ಲೇ ಜೀವ ಹೋಯ್ತು. ಡಬ್ಬಿಲಿದ್ದೋರೆಲ್ಲ ಎದ್ದು ದೂರ ಹೋದ್ರು. ಒಬ್ಬಳು ಹೆಂಗ್ಸು ಮಾತ್ರ ತನ್ನ ಶಾಲು ತೆಗ್ದು ಅವ್ರಿಗೆ ಹೊದಿಸಿ, ನನ್ನ ಕೈ ಹಿಡ್ಕೊಂಡು ಕೂತ್ಲು. ಅವಳು ಇಳಿಯೋ ಊರು ಹೋಯ್ತು ಕಣೆ, ಇಳೀಲಿಲ್ಲ. ಇಲ್ಲೀಗಂಟ ಬಂದ್ಲು. ಆ ಗೋಳಲ್ಲಿ ಹೆಸರು ಕೇಳೋದೇ ಮರ್ತೆ. ಈಗ ಎಲ್ಲಿ ಹುಡುಕ್ಲಿ? ಗುರ್ತಿಲ್ದೋರು ಯಾರು ಬಂದ್ರೂ ಅವಳ ಕಡೆಯೋರು ಅಂದ್ಕೊಂಡು ಹಾಕ್ತೀನಿ."

ಇದನ್ನು ಕೇಳಿ ನನಗಾದ ಸಂಕಟವನ್ನು ಯಾರಿಗೆ ಹೇಳಲಿ? ಅವಳು ಹಾಕುತ್ತಿದ್ದ ಆ ಒಂದು ಹಿಡಿ, ನಾನು ಒಳಗೆ ತಿಂದುಕೊಳ್ಳುತ್ತಿದ್ದಷ್ಟೇ ಇತ್ತು. ಪೊಟ್ಟಣದಲ್ಲಿ ಹೋಗುತ್ತಿದ್ದದ್ದು ಸರಿಯಾಗಿ ಒಂದು ಪಾವು. ಕೊಸರು ಎಂಬುದು ಅವಳ ಮನಸ್ಸಿನಲ್ಲಿತ್ತು, ಪ್ರಯಾಣಿಕನ ಕೈಗೆ ತಲುಪುತ್ತಿರಲಿಲ್ಲ. ಇನ್ನು ಬೈಸಿಕೊಂಡ ಊರಿನವರಿಗಂತೂ ದಿನವೂ ಕಡಿಮೆಯೇ ಬೀಳುತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಷ್ಟು ಕೊಸರು ಹಾಕಿದರೂ ಹೊನ್ನಮ್ಮನ ಮೂಟೆ ಬೇಗ ಖಾಲಿಯಾಗುತ್ತಿರಲಿಲ್ಲ. ಜಬೀನಾ ಬೆರಗಾಗಿ, "ಇದು ಬರಕತ್ತಿನ ಪಾವು ಅಕ್ಕ" ಎಂದಳು. ಹೊನ್ನಮ್ಮನೂ ನಂಬಿದಳು. ಕೊಟ್ಟಷ್ಟೂ ದೇವರು ತುಂಬಿಸುತ್ತಾನೆ ಎಂದು ಪ್ರತಿ ಶುಕ್ರವಾರ ನನಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯತೊಡಗಿದಳು. ಕಳ್ಳತನಕ್ಕೆ ಪೂಜೆ ನಡೆಯುತ್ತಿತ್ತು. ಇಪ್ಪತ್ತೆರಡು ವರ್ಷ ನಾನು ಆ ಕುಂಕುಮವನ್ನು ಹೊತ್ತೆ.

ಜಬೀನಾಳ ಮನೆಗೆ ನೆಂಟರು ಬಂದ ಒಂದು ಭಾನುವಾರ, ಅವಳ ಪಾವನ್ನು ಯಾರೋ ಒಯ್ದಿದ್ದರು. ಬರಕತ್ತೂ ಆಗಲಿ ಎಂದು ನನ್ನನ್ನು ಕೇಳಿ ಪಡೆದು ಹನ್ನೆರಡು ಪಾವು ಅಕ್ಕಿ ಅಳೆದಳು. ಅನ್ನ ಸಾಲಲಿಲ್ಲ. ಕೊನೆಯ ಪಂಕ್ತಿಯವರು ಅರ್ಧ ಹೊಟ್ಟೆಯಲ್ಲಿ ಎದ್ದರು. ಜಬೀನಾಗೆ ಅನುಮಾನ ಬಂದು, ತನ್ನ ತಾಯಿಯ ಕಾಲದ ಸೇರನ್ನು ತೆಗೆದು ನನ್ನಿಂದ ನಾಲ್ಕು ಸಲ ಸುರಿದಳು. ಸೇರು ತುಂಬಲಿಲ್ಲ. ಬೆರಳಿನಿಂದ ನನ್ನ ಒಳಗೆ ಕುಟ್ಟಿದಳು. ಟೊಳ್ಳು ಸದ್ದು ಬಂತು.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೇಳದೆ ಇರಲಾಗದೆ, ಹೊಂಗೆಮರದ ಕೆಳಗೆ, ಸೇರನ್ನೂ ನನ್ನನ್ನೂ ಹೊನ್ನಮ್ಮನ ಮುಂದಿಟ್ಟಳು. ಹೊನ್ನಮ್ಮ ತಾನೇ ಅಳೆದು ನೋಡಿದಳು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಚಾಕುವಿನ ತುದಿ ಹಾಕಿ ಮೀಟಿದಳು. ಬಿಲ್ಲೆ ಕಿತ್ತು ಬಂತು. ಕೆಳಗೆ ತುಕ್ಕು ಹಿಡಿದ ನನ್ನ ನಿಜವಾದ ತಳ ಕಂಡಿತು.

"ನೀನೇನ್ ಮಾಡ್ದೆ ಅಕ್ಕ? ಮಾಡ್ದೋನು ಸತ್ತು ಎಷ್ಟೋ ಕಾಲ ಆಯ್ತು" ಎಂದಳು ಜಬೀನಾ.

"ಅಳೆದ ಕೈ ನಂದಲ್ವೇನೆ?" ಎಂದಳು ಹೊನ್ನಮ್ಮ. ಕಿತ್ತ ಬಿಲ್ಲೆಯನ್ನು ಸೇರಿನ ಪಕ್ಕಕ್ಕಿಟ್ಟು, "ಅವ್ರದ್ದನ್ನೇ ಅವ್ರಿಗೆ ಕೊಟ್ಟು, ನಾನು ಕೊಟ್ಟೆ ಅಂದ್ಕೊಂಡೆ. ಆ ಹೆಂಗ್ಸಿಗೆ ನಾನು ಒಂದು ಕಾಳೂ ಮುಟ್ಟಿಸಿಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೂ ಹಗುರಾಗುತ್ತಿತ್ತು.

ಮರುದಿನದಿಂದ ಅವಳು ಒಂದು ಪಾವು ಕೇಳಿದವರಿಗೆ ಎರಡು ಪಾವು ಹಾಕತೊಡಗಿದಳು. ಮೊದಲು ಊರಿನವರ ಮನೆಮನೆಗೆ ಹೋಗಿ ವಿಷಯ ಹೇಳಿ ಕಡಲೆಕಾಯಿ ಕೊಟ್ಟು ಬಂದಳು. ಕೆಲವರು ಬೈದರು, ಕೆಲವರು ನಕ್ಕರು, ಅಲ್ಲಿಗೆ ಅದು ತೀರಿತು. ಪ್ರಯಾಣಿಕರನ್ನು ಎಲ್ಲಿ ಹುಡುಕುವುದು? ಅವರು ರೈಲು ಹತ್ತಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೊಸದಾಗಿ ಬಂದವರಿಗೆ ಎರಡು ಪಾವು ಹಾಕಿದರೆ, "ಯಾಕಮ್ಮ, ಹುಳ ಬಿದ್ದಿದ್ಯಾ?" ಎಂದು ಕಾಯಿ ಒಡೆದು ನೋಡುತ್ತಿದ್ದರು. ಕೆಲವರು ಪೊಟ್ಟಣವನ್ನೇ ಬಿಟ್ಟು ಹೋದರು.

ಒಂದು ಸಂಜೆ ಹುಬ್ಬಳ್ಳಿ ಕಡೆಯ ವಯಸ್ಸಾದವರೊಬ್ಬರು ಬಂದರು. ಎರಡು ಪಾವು ಹಾಕಿದಾಗ ಅನುಮಾನ ಪಡಲಿಲ್ಲ. ಅವಳ ಸೊರಗಿದ ಮುಖ ನೋಡಿದರು. ಪೊಟ್ಟಣದಿಂದ ದೊಡ್ಡದೊಂದು ಹಿಡಿ ತೆಗೆದು ನನ್ನೊಳಗೆ ಹಾಕಿ, "ಇಷ್ಟ್ಯಾಕ್ರೀ ಯವ್ವಾ? ನೀವೂ ತಿನ್ರಿ. ಮುಂಜಾನಿಂದ ಏನೂ ತಿಂದಂಗ ಕಾಣಂಗಿಲ್ಲ" ಎಂದರು.

"ಬ್ಯಾಡ ಕಣಪ್ಪ, ತಗೊಂಡೋಗು. ನನ್ ಕೈಗೆ ಕೊಡ್ಬ್ಯಾಡ" ಎಂದು ಹೊನ್ನಮ್ಮ ಅಂಗಲಾಚಿದಳು. ಅವರಿಗೆ ಅರ್ಥವಾಗಲಿಲ್ಲ. ರೈಲು ಕೂಗಿತು, ಹೋಗಿಬಿಟ್ಟರು. ಆಗ ಅವಳು ಅತ್ತಳು. ಸೆರಗನ್ನು ಬಾಯಿಗೊತ್ತಿಕೊಂಡು, ನನ್ನನ್ನು ಮಡಿಲಲ್ಲಿಟ್ಟುಕೊಂಡು, ಕತ್ತಲಾಗುವವರೆಗೆ ಅತ್ತಳು. ಆ ಒಂದು ಹಿಡಿಯನ್ನು ತಿನ್ನಲೂ ಇಲ್ಲ, ಮಾರಲೂ ಇಲ್ಲ. ಮುಂದಿನ ತಿಂಗಳು ಜ್ವರ ಬಂದು ಮಲಗಿದವಳು ಏಳಲಿಲ್ಲ.

ಈಗ ನಾನು ಜಬೀನಾಳ ಮನೆಯ ಅಟ್ಟದ ಮೇಲೆ ಇದ್ದೇನೆ. ಈಗ ನಾನು ಸಾಚಾ. ನಾಲ್ಕು ಸಲ ಸುರಿದರೆ ಸೇರು ತುಂಬುತ್ತದೆ. ಆದರೆ ಕಡಲೆಕಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕೊಸರು ಎಂಬ ಮಾತನ್ನು ಕೇಳಿಯೇ ಬಹಳ ದಿನವಾಯಿತು. ಗುಜರಿಯವನು ಕೇಳಿದಾಗಲೆಲ್ಲ ಜಬೀನಾ ತಲೆಯಾಡಿಸಿ ಕಳಿಸುತ್ತಾಳೆ.

ಇಲ್ಲಿ ಸುಮ್ಮನೆ ಕೂತಾಗ ನನಗೊಂದು ದಿನ ನೆನಪಾಗುತ್ತದೆ. ಮುಂದೆಲ್ಲೋ ಗೂಡ್ಸ್ ಗಾಡಿ ಹಳಿ ತಪ್ಪಿ, ಪ್ಯಾಸೆಂಜರ್ ರೈಲೊಂದು ಬೆಳಗಿನಿಂದ ಅರಸೀಕೆರೆಯಲ್ಲೇ ನಿಂತಿತ್ತು. ಯಾವುದೋ ದೂರದ ಸೀಮೆಯ ಕೂಲಿ ಹೆಂಗಸು, ಭಾಷೆ ಬಾರದವಳು, ಮೂರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮುಂದೆ ಬಂದು ಕೇಳಲಾರದೆ ನಿಂತಳು. ಹೊನ್ನಮ್ಮ ನನ್ನನ್ನು ಅತ್ತ ತಳ್ಳಿದಳು. ನಾನು ಉರುಳಿ ಚರಂಡಿಯ ಅಂಚಿಗೆ ಹೋಗಿ ಬಿದ್ದೆ. ಅವಳು ಎರಡೂ ಕೈಯಿಂದ ಬಾಚಿ ಬಾಚಿ ಆ ಹೆಂಗಸಿನ ಸೆರಗಿಗೆ ಹಾಕಿದಳು, ಸೆರಗು ಭಾರವಾಗಿ ಜಗ್ಗುವವರೆಗೆ. ಅಂಥ ದಿನಗಳು ವರ್ಷಕ್ಕೆ ಎಷ್ಟೋ ಇರುತ್ತಿದ್ದವು. ನನ್ನಿಂದ ಅಳೆಯದೆ ಹಾಕಿದಳಲ್ಲ ಎಂದು ನನಗೆ ಆಗೆಲ್ಲ ಅವಮಾನವಾಗುತ್ತಿತ್ತು.

ಹಾಗೆ ಬಾಚಿ ಹಾಕಿದ್ದನ್ನು ತಾನು ಕೊಟ್ಟದ್ದೆಂದು ಹೊನ್ನಮ್ಮ ಯಾವತ್ತೂ ಎಣಿಸಲಿಲ್ಲ. ಹಸಿದವರಿಗೆ ಹಾಕುವುದು ಅವಳ ಲೆಕ್ಕದಲ್ಲಿ ಕೊಡುವುದೇ ಆಗಿರಲಿಲ್ಲ. ಕೊನೆಗೆ ಮಲಗಿದಾಗಲೂ ನಾನು ಅಳೆದದ್ದನ್ನೇ ನೆನೆಸಿಕೊಂಡು ಕೊರಗಿದಳು. ಆ ಸೆರಗಿಗೆ ಬಿದ್ದದ್ದರಲ್ಲಿ ನಾನು ಒಂದು ಕಾಳೂ ತಿಂದಿರಲಿಲ್ಲ, ಅದಷ್ಟೂ ಹೊನ್ನಮ್ಮ ಕೊಟ್ಟದ್ದೇ ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಹಿತ್ತಾಳೆ ಕಟ್ಟಿದ ಬಾಯಿ ಇದ್ದೂ ನಾನು ಹೇಳಲಾರದೆ ಹೋದೆ, ಅವಳು ತಿಳಿಯದೆಯೇ ಹೋದಳು.