ಗೋಡೆಯಾಚೆಯ ಜಾರ್ಜಿಯಾ

"ತಗೋ, ಪೀಚ್ ಗಿಡದಿಂದ ಹೂ ತುಂಬಿರೋ ಕೊಂಬೆ ಒಂದು ಕತ್ತರಿಸ್ಕೊಂಡು ಬಾ," ಎನ್ನುತ್ತ ವರ್ನಾ ಅತ್ತಿಗೆಯ ಕೈಗೆ ಕತ್ತರಿ ತುರುಕಿದಳು. "ಶವಪೆಟ್ಟಿಗೆ ಮುಚ್ಚೋದ್ರೊಳಗೆ ಅಣ್ಣನ ಕೈಲಿಡಬೇಕು."

ಮಾರ್ಲಿಸ್ ಕದಲಲಿಲ್ಲ. "ತರ್ತೀನಿ. ನೀನು ಚರ್ಚಿಗೆ ನಡಿ."

"ಬೇಗ ಬಾ ಮಾರಾಯ್ತಿ. ಪಾದ್ರಿಗಳ ಕಣ್ಣು ಆಗಲೇ ಊಟಕ್ಕಿಟ್ಟ ಹ್ಯಾಮ್ ಸ್ಯಾಂಡ್‌ವಿಚ್ ಮೇಲಿದೆ."

ಚಳಿನಾಡು ಮಿನೆಸೋಟದ ಆ ಊರಲ್ಲಿ ಪೀಚ್ ಬೆಳೆದವನು ಮಾರ್ಲಿಸಳ ಗಂಡ ಆರ್ವಿಡ್ ಒಬ್ಬನೇ. ಮನೆಯ ಬಡಗು ಮೂಲೆಗೆ ಅವನು ಅಲಾಸ್ಕಾ ಎಂದು ಹೆಸರಿಟ್ಟಿದ್ದ. ಮೇ ತಿಂಗಳಲ್ಲೂ ಅಲ್ಲಿ ಹಿಮ ಕರಗದು. ಮಲಗುವ ಕೋಣೆಯ ತೆಂಕಣ ಗೋಡೆಯಾಚೆ ಮಾತ್ರ ಪೀಚ್ ಬೆಳೆಯುವ ಬೆಚ್ಚನೆಯ ನಾಡು, ಜಾರ್ಜಿಯಾ. ಟೊಳ್ಳು ಗೋಡೆಯಿಂದ ಸೋರುವ ಮನೆಯ ಬಿಸಿಯೇ ಅಲ್ಲಿನ ಪೀಚ್ ಗಿಡವನ್ನು ಚಳಿಗಾಲವಿಡೀ ಕಾಯುತ್ತಿತ್ತು.

*

"ಆ ಗೋಡೆಗೆ ಏನಾದ್ರೂ ತುಂಬಿಸೋ, ಹಲ್ಲು ಕಟಕಟ ಅಂತಿದೆ," ಎಂದು ಮಾರ್ಲಿಸ್ ಪ್ರತಿ ವರ್ಷ ಗೋಗರೆಯುತ್ತಿದ್ದಳು.

"ಇನ್ನೊಂದು ಕಂಬಳಿ ಹೊದ್ಕೊಳೆ. ಪಾಪ, ಗಿಡಕ್ಕೆ ಕಂಬಳಿ ಇಲ್ಲ."

"ಹಾಗಿದ್ರೆ ಅದನ್ನೇ ಕಟ್ಕೋಬೇಕಿತ್ತು!"

ಹೋದ ನವೆಂಬರಿನಲ್ಲಿ ಆರ್ವಿಡ್ ಆಸ್ಪತ್ರೆ ಸೇರಿದ. ಒಂಟಿ ಹೆಂಗಸು ನಡುಗುವುದು ಬೇಡವೆಂದು ಚರ್ಚಿನವರು ಬಂದು, ಗೋಡೆಯ ಹಲಗೆ ಬಿಚ್ಚಿ, ಬಿಸಿ ಸೋರದಂತೆ ಗುಲಾಬಿ ಬಣ್ಣದ ಗಾಜಿನ ಉಣ್ಣೆ ತುಂಬಿದರು. ಅವಳು ಬೇಡವೆನ್ನಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಬೆಚ್ಚಗೆ ನಿದ್ದೆ ಮಾಡಿದಳು. ಗಿಡದ ನೆನಪೇ ಆಗಲಿಲ್ಲ.

ಏಪ್ರಿಲಿನಲ್ಲಿ ತೊಗಟೆ ಕೆರೆದು ನೋಡಿದರೆ ಒಳಗೆಲ್ಲ ಕಂದು, ಗಿಡ ಸತ್ತಿತ್ತು.

"ಮೊಗ್ಗು ಬಂತಾ?" ಎಂದು ಆರ್ವಿಡ್ ದಿನಾ ಕೇಳುತ್ತಿದ್ದ.

"ಬಂತು," ಎಂದಳು. ಆಮೇಲೆ, "ಅರಳಿತು ಕಣೋ. ಗಿಡದ ತುಂಬ ಗುಲಾಬಿ ಹೂ."

ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಹಿಗ್ಗುತ್ತ ಅವನು ಸತ್ತ.

*

ವರ್ನಾ ಕೊಟ್ಟ ಕತ್ತರಿ ತಾಕಿದ್ದೇ ಕೊಂಬೆ ಲಟಕ್ಕನೆ ಮುರಿಯಿತು. ಮಾರ್ಲಿಸ್ ಒಳಗೆ ಓಡಿ, ಸುತ್ತಿಗೆಯಿಂದ ಹಲಗೆ ಕಿತ್ತು, ಉಣ್ಣೆಯನ್ನು ಎರಡೂ ಕೈಯಿಂದ ಬಾಚಿ ಬಾಚಿ ಎಳೆದು ಹಾಕಿದಳು. "ಹೋಗು, ಬಿಸಿಯೆಲ್ಲ ಹೊರಗೆ ಹೋಗು," ಎಂದು ಅಳುತ್ತಿದ್ದಳು. ಚರ್ಚಿನ ಗಂಟೆ ಮೊಳಗಿತು.

ಪೆಟ್ಟಿಗೆಯ ಬಳಿ ವರ್ನಾ ಪಿಸುಗುಟ್ಟಿದಳು, "ಎಲ್ಲೇ ಹೂವು?"

ಮಾರ್ಲಿಸ್ ಅಂಗೈ ಬಿಚ್ಚಿದಳು. ಒಣಕಡ್ಡಿ. "ಬೆಚ್ಚಗೆ ಮಲಗೋ ಆಸೆಗೆ ಅವನ ಗಿಡ ಕೊಂದೆ ವರ್ನಾ. ಅವನಿಗೆ ಸುಳ್ಳು ಹೇಳಿದೆ."

ವರ್ನಾಳ ಮುಖ ಬಿಳಿಚಿತು. ಅತ್ತಿಗೆಯ ಕಪ್ಪು ಉಡುಪಿನ ತುಂಬ ಗುಲಾಬಿ ಉಣ್ಣೆಯ ಎಳೆಗಳು. ಕೊಡವಲು ಕೈ ಎತ್ತಿದಳು.

ಹಿಂದಿನ ಬೆಂಚಿನಲ್ಲಿ ಪಕ್ಕದ ಮನೆಯ ಎಲ್ಮರ್ ಮುದುಕ ಪೊರೆ ಬಂದ ಕಣ್ಣು ಕಿರಿದಾಗಿಸಿ ನೋಡಿದ. "ಆರ್ವಿಡ್ ಹೇಳಿದ್ದು ನಿಜ ಕಣ್ರೋ," ಎಂದ ಗಟ್ಟಿಯಾಗಿ. "ಅಲ್ನೋಡಿ, ಅವಳ ಮೈಮೇಲೆಲ್ಲ ಪೀಚ್ ಹೂವು."

ಎತ್ತಿದ ವರ್ನಾಳ ಕೈ ಹಾಗೇ ನಿಂತಿತು.